ಸ್ಕಾಟ್ಲೆಂಡಿನ ಅಜ್ಜಿ, ಶೇಂಗಾ ಹೋಳಿಗೆ

ಅಮೆರಿಕದ ಬಾಥೆಲ್‌ನಲ್ಲಿರುವ ಸ್ವಪ್ನಾಗೆ ಇಂಗ್ಲಿಷಿನಲ್ಲಿ ಒಂದು ಕಥೆ ಅಚ್ಚಾಗಬೇಕೆಂಬ ಹುಚ್ಚು. ಪಕ್ಕದೂರು ಮಿಲ್ ಕ್ರೀಕ್‌ನ ಅವಳ ಬರಹಗಾರರ ಬಳಗ ಈ ವರ್ಷ ಕಥಾಸಂಕಲನ ತರುತ್ತಿತ್ತು. ತನ್ನೂರು ಬಾಗಲಕೋಟೆಯ ಕಥೆ ಇಲ್ಲಿ ಯಾರಿಗೆ ಬೇಕು ಎಂದುಕೊಂಡು ಅವಳು ಸ್ಕಾಟ್ಲೆಂಡಿನಲ್ಲಿ ಕುರಿ ಕಾಯುವ ಅಜ್ಜಿಯೊಬ್ಬಳ ಕಥೆ ಬರೆದಳು. ಸ್ಕಾಟ್ಲೆಂಡನ್ನು ಕಂಡವಳೇನಲ್ಲ. ಇಂಟರ್ನೆಟ್ಟಿನಲ್ಲಿ ಅಲ್ಲಿಯ ಹಳ್ಳಿಮಾತು ಹೆಕ್ಕಿ, ಹೌದು ಎನ್ನಲು ‘ಆಯ್’, ಪುಟ್ಟದ್ದಕ್ಕೆಲ್ಲ ‘ವೀ’, ಕೂಸಿಗೆ ‘ಬೇರ್ನ್’ ಎಂದು ಸಾಲುಸಾಲಿಗೂ ಒಗ್ಗರಣೆ ಹಾಕಿದಳು. ಅನ್ನಕ್ಕಿಂತ ಸಾಸಿವೆಯೇ ಹೆಚ್ಚಾಯಿತು.

ಬಳಗದಲ್ಲಿ ಕಥೆ ಓದುವ ದಿನ ಅತ್ತೆ ಬಸವ್ವನೂ ಡಬ್ಬಿ ತುಂಬ ಶೇಂಗಾ ಹೋಳಿಗೆ, ತುಪ್ಪದ ಗಿಂಡಿ ಹಿಡಿದು ಜೊತೆಗೆ ಹೊರಟಳು. ಹೋಗಿ ನೋಡಿದರೆ, ಕಥೆ ಆರಿಸಲು ಕೂತಿದ್ದವಳು ಮೋರಾಗ್ ಎಂಬ ಮುದುಕಿ, ಸ್ಕಾಟ್ಲೆಂಡಿನಲ್ಲೇ ಹುಟ್ಟಿ ಬೆಳೆದವಳು! ಸ್ವಪ್ನಾ ಕಥೆಯ ಹಾಳೆಗಳನ್ನು ಮೆಲ್ಲನೆ ಚೀಲಕ್ಕೆ ತುರುಕಿದಳು. ತಪ್ಪಿಸಿಕೊಳ್ಳೋಣವೆಂದರೆ ಅತ್ತೆ ಆಗಲೇ ಎಲ್ಲರಿಗೂ ಹೋಳಿಗೆ ಹಂಚತೊಡಗಿದ್ದಳು.

ವಿಧಿಯಿಲ್ಲದೆ ಓದಿದಳು. ಒಂದೊಂದು ‘ಆಯ್’ಗೂ ಮೋರಾಗ್‌ಳ ಹುಬ್ಬು ಮೇಲೇರಿತು. ಒಲ್ಲೆನೆಂದು ತಟ್ಟೆಗೆ ಕೈ ಅಡ್ಡ ಹಿಡಿದ ಅತಿಥಿಯ ಬೆರಳ ಸಂದಿಯಲ್ಲೇ ಕಥೆಯ ಅಜ್ಜಿ ರೊಟ್ಟಿ ತೂರಿಸುವಲ್ಲಿಗೆ ಬಂದಾಗ ಮುದುಕಿ ಕನ್ನಡಕ ತೆಗೆದಿಟ್ಟಳು.

“ನಮ್ಮಜ್ಜಿ ಒಂದೇ ಸಲ ಕೇಳ್ತಿದ್ದಳು,” ಎಂದಳು ಇಂಗ್ಲಿಷಿನಲ್ಲಿ. “ಬೇಡ ಅಂದ್ರೆ ತಟ್ಟೆನೇ ಎತ್ತಿಡ್ತಿದ್ದಳು. ಇಷ್ಟೊಂದು ‘ವೀ’ ನಾನು ಹುಟ್ಟಿದಾಗಿನಿಂದ ಆಡಿಲ್ಲ. ನಿಜ ಹೇಳು, ಯಾರ ಅಜ್ಜಿ ಇವಳು?”

ಕಥೆ ಕೈಬಿಟ್ಟು ಹೋಯಿತೆಂದು ಸ್ವಪ್ನಾ ತಲೆ ತಗ್ಗಿಸಿದಳು. ಇಂಗ್ಲಿಷಿನ ಗಂಧವಿಲ್ಲದ ಬಸವ್ವ ಅಷ್ಟರಲ್ಲಿ ಮೋರಾಗ್‌ಳ ತಟ್ಟೆಗೆ ಮತ್ತೊಂದು ಹೋಳಿಗೆ ತಂದಿದ್ದಳು. ಮೋರಾಗ್ ಎರಡೂ ಕೈ ಅಡ್ಡ ಹಿಡಿದಳು.

“ಅಯ್ಯ, ನಾಚ್ಕೋಬ್ಯಾಡ್ರಿ ಯವ್ವಾ, ಇದೊಂದ್ ತಿನ್ರಿ!”

ಹೋಳಿಗೆ ಬೆರಳ ಸಂದಿಯಲ್ಲೇ ತೂರಿತು. ಮೇಲೆ ತುಪ್ಪವೂ ಬಿತ್ತು.

ಮೋರಾಗ್ ತುಪ್ಪ ಸೋರುವ ಕೈ ನೋಡಿಕೊಂಡಳು, ಬಸವ್ವನನ್ನು ನೋಡಿದಳು, ಆಮೇಲೆ ಕುರ್ಚಿ ಅಲುಗುವಂತೆ ನಕ್ಕಳು. “ಸಿಕ್ಕಿದಳು! ಸ್ಕಾಟ್ಲೆಂಡ್ ತೆಗೆದುಹಾಕು. ಇವಳನ್ನ ಇವಳ ಊರಲ್ಲೇ ಕೂರಿಸು, ಇವಳ ಮಾತನ್ನೇ ಆಡಿಸು. ಆ ಕಥೆ ನನಗೆ ಬೇಕು.”

ಸ್ವಪ್ನಾಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಮನೆಯಲ್ಲಿ ದಿನಾ ಕೇಳುವ ದನಿಯನ್ನು ಮುಚ್ಚಲು ಎಷ್ಟು ದೂರದಿಂದ ಕಂಬಳಿ ತಂದಿದ್ದಳಲ್ಲ!

“ಏನಂತಾಳ ಆಕಿ?” ಬಸವ್ವ ಕೇಳಿದಳು.

“ನೀವು ಭಾಳ ಛಲೋ ಅದೀರಿ ಅಂತಾಳ್ರೀ ಅತ್ತಿ.”

“ಹಂಗಾರ ಇನ್ನೊಂದ್ ಹಾಕ್ತೀನಿ, ತಡಿ.”

ಮೋರಾಗ್‌ಗೆ ಕನ್ನಡದ ಒಂದಕ್ಷರವೂ ಬಾರದು. ಆದರೂ ತಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.