ಸೂಜಿ ಚುಚ್ಚಿದ ಮೇಲೆ

ಇನ್ಸುಲಿನ್ ಸೂಜಿ ಚುಚ್ಚಿಯಾಗಿತ್ತು. ತಾಟಿನಲ್ಲಿ ಬಿಸಿ ರೊಟ್ಟಿಯೂ ಬಂದಿತ್ತು. ಸುಶೀಲವ್ವ ಮೊದಲ ತುತ್ತಿಗೆ ಮುಂಚೆ, ರೂಢಿಯಂತೆ, ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಮುಟ್ಟಲು ಎದೆಗೆ ಕೈ ಒಯ್ದರು. ಲಿಂಗವಿರಲಿಲ್ಲ. ಅದನ್ನಿಟ್ಟಿದ್ದ ಬೆಳ್ಳಿಯ ಕರಡಿಗೆಯೂ ಇರಲಿಲ್ಲ. ಶಿವದಾರದ ಒಂದು ತುಂಡು ಮಾತ್ರ ಕುಪ್ಪಸದ ಅಂಚಿಗೆ ಸಿಕ್ಕಿಕೊಂಡಿತ್ತು.

ಅವರು ತಾಟನ್ನು ಮುಂದಕ್ಕೆ ಸರಿಸಿದರು.

"ಲಿಂಗ ಸಿಗೂತನಾ ನನಗ ನೀರೂ ಬ್ಯಾಡ."

ಇದು ನಡೆದದ್ದು ಹಾನಗಲ್ಲಿಗೂ ಹಿರೇಕೆರೂರಿಗೂ ನಡುವೆ, ಕೆರೆಯ ದಂಡೆಯ ಮೇಲೆ, ಎ.ಸಿ. ಹಾಕಿಸಿದ ಗುಡಾರದಲ್ಲಿ. ಹೀಗೆ ಇರುವುದಕ್ಕೆ ಗ್ಲಾಂಪಿಂಗ್ ಅನ್ನುತ್ತಾರೆಂದು ಮೊಮ್ಮಗಳು ನೀಲಾಂಬಿಕಾ ಶಿಗ್ಗಾವಿಯಿಂದ ಹೊರಡುವಾಗಲೇ ಪಾಠ ಮಾಡಿದ್ದಳು. ಮನೆ ಇಲ್ಲದವರು ಗುಡಾರ ಹಾಕುವುದನ್ನು ನೋಡಿದ್ದ ಸುಶೀಲವ್ವ, ಮನೆ ಇದ್ದವರೂ ಹಾಕುತ್ತಾರೆಂದು ತಿಳಿದು, "ಹಾಸಿಗಿ ಐತಿಲ್ಲೋ?" ಎಂದಷ್ಟೇ ಕೇಳಿದ್ದರು. ನಿನ್ನೆ ಸವಣೂರಿನಲ್ಲಿ ದೊಡ್ಡಹುಣಸೆ ಮರದ ಬೊಡ್ಡೆಯನ್ನು ಎಲ್ಲರೂ ಕೈಕೈ ಹಿಡಿದು ತಬ್ಬಿ ಫೋಟೊ ತೆಗೆಸಿಕೊಂಡಾಗಿತ್ತು, ಅಲ್ಲಿಯ ಹೆಸರುವಾಸಿ ಕುರುಕಲು ಖಾರ ಕಟ್ಟಿಸಿಕೊಂಡಾಗಿತ್ತು. ನಾಳೆ ಹಾನಗಲ್ಲಿನ ತಾರಕೇಶ್ವರನ ಗುಡಿ. ಈವತ್ತಿನ ಪಟ್ಟಿಯಲ್ಲಿ ಇದ್ದದ್ದು ಸಾಹಸ.

ಸಾಹಸವೆಂದರೆ ಊಟಕ್ಕೆ ಮುಂಚೆ ಕೆರೆಯಲ್ಲಿ ರಬ್ಬರಿನ ತೆಪ್ಪದ ಒಂದು ಸುತ್ತು. ಹತ್ತುವ ಮುಂಚೆ ಶಿಬಿರದ ಮ್ಯಾನೇಜರ್ ಚನ್ನೇಶ, "ಅಜ್ಜೀ, ಕೊಳ್ಳಾಗಿಂದೆಲ್ಲ ತಗದ ಇಡ್ರಿ, ಲೈಫ್ ಜಾಕೆಟ್ಟಿಗೆ ಸಿಗತೈತಿ," ಎಂದಿದ್ದ. "ಇದು ಮಣ್ಣಿಗೂ ನನ್ನ ಸಂಗಾಟನ ಬರೂದು," ಎಂದು ಸುಶೀಲವ್ವ ಉತ್ತರ ಕೊಟ್ಟಿದ್ದರು. ಹಿಂದೆ ಸರದಿ ನಿಂತವರು ಗೊಣಗತೊಡಗಿದಾಗ ಸೊಸೆ ಸುಧಾರಾಣಿ ಮುಂದೆ ಬಂದು, "ನಾ ಕಟ್ಟತೇನಿ, ಬರ್ರಿ," ಎಂದು ಕರಡಿಗೆಯನ್ನು ಜಾಕೆಟ್ಟಿನ ಒಳಗೆ ತಳ್ಳಿ ಪಟ್ಟಿಯನ್ನು ಬಿಗಿದಿದ್ದಳು. ಬಿಗಿದದ್ದು ಸ್ವಲ್ಪ ಜಾಸ್ತಿಯೇ ಆಗಿತ್ತು. ಅದು ಈಗ ಅವಳೊಬ್ಬಳಿಗೇ ನೆನಪಾಗುತ್ತಿತ್ತು. ಹಾಗೆಂದು ಅವಳು ಅಂದುಕೊಂಡಿದ್ದಳು.

"ನೀನ ಅಲ್ಲೇನ ಜಗ್ಗಿದಾಕಿ?" ಎಂದರು ಸುಶೀಲವ್ವ.

ದೋಣಿಯವರು ಕೆರೆಗೆ ಇಳಿದರು. ಚನ್ನೇಶ ಜಾಕೆಟ್ಟುಗಳ ರಾಶಿಯನ್ನು ಕೊಡವಿ ಕೊಡವಿ ನೋಡಿದ. ಗುಡಾರದೊಳಗೆ ಸುಧಾರಾಣಿ ಅತ್ತೆಯ ಮುಖವನ್ನೇ ನೋಡುತ್ತ ಕುಳಿತಳು. ಸೂಜಿ ಚುಚ್ಚಿದವಳೂ ಅವಳೇ. ಒಳಗೆ ಹೋದ ಔಷಧಿಗೆ ಲಿಂಗ ಕಳೆದ ಸುದ್ದಿ ಮುಟ್ಟಿರಲಿಲ್ಲ; ಅದು ತನ್ನ ಪಾಡಿಗೆ ತಾನು ರಕ್ತದ ಸಕ್ಕರೆಯನ್ನು ಇಳಿಸುತ್ತಿತ್ತು.

ಮಗ ಬಸವಣ್ಣೆಪ್ಪ ಶಿಗ್ಗಾವಿಯಲ್ಲಿ ಕಬ್ಬಿಣ ಸಿಮೆಂಟಿನ ವ್ಯಾಪಾರಿ. ಎಂಥ ಗಿರಾಕಿಯನ್ನೂ ಒಪ್ಪಿಸಬಲ್ಲವನು.

"ಅವ್ವಾ, ಆಪತ್ತಿನ್ಯಾಗ ನಡೀತೈತಿ."

"ಯಾರ್ ಹೇಳಿದ್ರು?"

ಅವನು ಕೆರೆಯ ಏರಿ ಹತ್ತಿ, ಸಿಗ್ನಲ್ ಸಿಕ್ಕಲ್ಲಿ ನಿಂತು, ಮಠದ ಅಯ್ಯನವರಿಗೆ ಫೋನ್ ಹಚ್ಚಿ ಬಂದ. "ಸಂಜಿಕ ಬರತಾರಂತ. ಹೊಸಾ ಲಿಂಗ ಕಟ್ಟತಾರಂತ. ಅಲ್ಲೀತನಾ ಉಣ್ಣಾಕ ಅಡ್ಡಿಯಿಲ್ಲಂದ್ರು."

ಸುಶೀಲವ್ವ ಇದನ್ನು ಯೋಚಿಸಿ ನೋಡಿದರು. "ಅಯ್ಯನವರು ಇನ್ನೂ ಸಣ್ಣೋರು. ಅವರ ಗುರುಗಳಿದ್ದಿದ್ರ ಹಂಗ ಅಂತಿದ್ದಿಲ್ಲ."

ಸುಶೀಲವ್ವನ ಹಣೆಯ ಮೇಲೆ ಬೆವರು ಕಾಣಿಸಿತು. ಎ.ಸಿ. ಜೋರಾಗಿಯೇ ಓಡುತ್ತಿತ್ತು.

"ಹಿರೇಕೆರೂರ ದವಾಖಾನಿಗೆ ಹೋಗೂಣು," ಎಂದು ಬಸವಣ್ಣೆಪ್ಪ ಕಾರಿಗೆ ಓಡಿದ. ಕಾರು ಏರಿಯ ಆಚೆಗಿತ್ತು. ನಿಸರ್ಗದ ಶಾಂತಿ ಕೆಡಬಾರದೆಂದು ಗಾಡಿಗಳನ್ನು ದೂರವೇ ನಿಲ್ಲಿಸುತ್ತಿದ್ದರು.

ಸುಶೀಲವ್ವನ ಬೆರಳುಗಳು ಸೆರಗಿನ ಅಂಚನ್ನು ಹುಡುಕಿ, ಹಿಡಿಯಲಾರದೆ ಬಿಟ್ಟವು. ನೀಲಾಂಬಿಕಾಳನ್ನು ನೋಡಿ, "ಗೌರಾ, ಎಮ್ಮಿ ಹಿಂಡಿದೇನ?" ಎಂದರು. ಗೌರ ಅವರ ತಂಗಿ. ತೀರಿಕೊಂಡು ಬಹಳ ಕಾಲವಾಗಿತ್ತು.

"ಅವ್ವಾ, ಅಜ್ಜಿ ಹೆಂಗೋ ಮಾಡಾಕತ್ತಾಳ," ಎಂದಳು ನೀಲಾಂಬಿಕಾ.

ಸುಧಾರಾಣಿ ಎದ್ದಳು. ಚಹದ ಕಿಟ್ಲಿಯ ಪಕ್ಕದಲ್ಲಿ ಅಂದವಾಗಿ ಜೋಡಿಸಿಟ್ಟಿದ್ದ ಸಕ್ಕರೆ ಪೊಟ್ಟಣಗಳನ್ನು ಹರಿದು ಅಂಗೈಗೆ ಸುರಿದುಕೊಂಡಳು. ನೀರು ಚಿಮುಕಿಸಿ ಕಲಸಿದಳು.

"ಬ್ಯಾಡ," ಎಂದರು ಸುಶೀಲವ್ವ. ಅದೊಂದು ಮಾತು ಮಾತ್ರ ಸ್ಪಷ್ಟವಾಗಿತ್ತು. ಆಮೇಲೆ ಹಲ್ಲು ಕಚ್ಚಿದರು.

ಮದುವೆಯಾಗಿ ಬಂದಾಗಿನಿಂದ ಸುಧಾರಾಣಿ ಅತ್ತೆಯ ಎದುರು ಕುರ್ಚಿಯ ಮೇಲೆ ಕುಳಿತವಳಲ್ಲ. ಈಗ ಅವರನ್ನು ದಿಂಬಿಗೆ ಆನಿಸಿ, ಮಂಚವೇರಿ, ಒಂದು ಕೈಯಿಂದ ಗದ್ದ ಹಿಡಿದಳು. ಇನ್ನೊಂದು ಕೈಯ ಬೆರಳನ್ನು ತುಟಿಯ ಸಂದಿಯಿಂದ ತೂರಿಸಿ ಸಕ್ಕರೆಯನ್ನು ಕೆನ್ನೆಯ ಒಳಮೈಗೆ ಉಜ್ಜತೊಡಗಿದಳು. ಸುಶೀಲವ್ವ ತಲೆ ಕೊಡವಿದರು. ಕಚ್ಚಿದರು. ಸುಧಾರಾಣಿ ಬೆರಳು ತೆಗೆಯಲಿಲ್ಲ. ಮತ್ತೆ ಉಜ್ಜಿದಳು, ಮತ್ತೊಂದು ಪೊಟ್ಟಣ ಹರಿಯಲು ಮಗಳಿಗೆ ಕಣ್ಸನ್ನೆ ಮಾಡಿದಳು. ಬಾಗಿಲಲ್ಲಿ ಬಂದು ನಿಂತ ಚನ್ನೇಶ, ಒಳಗೆ ನಡೆದಿರುವುದು ಉಪಚಾರವೋ ಜಗಳವೋ ತಿಳಿಯದೆ, ಅಲ್ಲಿಯೇ ಚಪ್ಪಲಿ ಕಳಚಿ ನಿಂತ.

ಎಷ್ಟೋ ಹೊತ್ತಿನವರೆಗೆ ಏನೂ ಆಗಲಿಲ್ಲ. ಆಮೇಲೆ ಕೊರಳಲ್ಲಿ ಒಂದು ಗುಟುಕು ಇಳಿಯಿತು. ಇನ್ನೊಂದು. ಸುಶೀಲವ್ವ ಕಣ್ಣು ಬಿಟ್ಟು ಸೊಸೆಯ ಮುಖವನ್ನು ನೋಡಿದರು, ಮೊಮ್ಮಗಳನ್ನು ನೋಡಿದರು, ಈ ಸಲ ಮೊಮ್ಮಗಳು ಮೊಮ್ಮಗಳಾಗಿಯೇ ಕಂಡಳು.

"ಬಾಯಾಗ ಏನೈತಿ?"

"ಸಕ್ಕರಿ ರೀ."

"ಯಾರ್ ಹಾಕಿದ್ರು?"

"ನಾನ್ರೀ, ಅತ್ತೇರ."

ಚನ್ನೇಶ ಒಂದು ಹೆಜ್ಜೆ ಹಿಂದೆ ಸರಿದ. ಶಾಪ ಕೇಳಿಸಿಕೊಳ್ಳುವ ಇಷ್ಟ ಅವನಿಗಿರಲಿಲ್ಲ.

"ನಾ ಬಾಯಿ ತಗದಿದ್ನೇನ?"

"ಇಲ್ರೀ. ಕಚ್ಚಿದ್ರಿ." ಸುಧಾರಾಣಿ ಬೆರಳು ತೋರಿಸಿದಳು. ರಕ್ತ ಬಂದಿತ್ತು.

ಸುಶೀಲವ್ವ ಆ ಬೆರಳನ್ನು ಹಿಡಿದುಕೊಂಡು ಬಹಳ ಹೊತ್ತು ಪರಿಶೀಲಿಸಿದರು. ವಕೀಲರು ಕಾಗದ ನೋಡುವಂತೆ.

"ಸೂಜೀದ ಜೋರು ಇಳೀತೇನ?"

"ಇಲ್ರೀ. ಇನ್ನೂ ಕೆಲಸ ಮಾಡತೈತಿ. ಸಕ್ಕರಿ ಸಾಲಾಂಗಿಲ್ಲ, ರೊಟ್ಟಿ ಹೋಗಬೇಕು." ಸುಧಾರಾಣಿ ತಾಟನ್ನು ಹತ್ತಿರ ಎಳೆದುಕೊಂಡಳು. "ಜಗ್ಗಿದಾಕಿ ನಾನ ರೀ. ಇದರ ಪಾಪಾನೂ ನನ್ನ ಮ್ಯಾಲ ಇರ್ಲಿ."

"ಇರ್ಲಿ ಅಂದ್ರ? ಐತಿ."

ಸುಶೀಲವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಬಿಗಿಯಾಗಿ ಕಟ್ಟಿಕೊಂಡರು. ತಾಟಿನ ಕಡೆ ನೋಡಲಿಲ್ಲ. ಗದ್ದವನ್ನು ಮಾತ್ರ ಸ್ವಲ್ಪ ಮೇಲೆತ್ತಿದರು.

ಸುಧಾರಾಣಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಅವಳು ರೊಟ್ಟಿ ಮುರಿದು, ಪಲ್ಯ ಹಚ್ಚಿ, ಅತ್ತೆಯ ಗದ್ದಕ್ಕೆ ಕೈ ಹಚ್ಚಿದಳು.

"ಗಟ್ಟಿ ಹಿಡಿ," ಎಂದರು ಸುಶೀಲವ್ವ. "ಇಷ್ಟ ಸಡ್ಲ ಹಿಡದ್ರ ನಾನ ಉಂಡಂಗ ಆಗತೈತಿ."

ಬಸವಣ್ಣೆಪ್ಪ ಕಾರು ತಂದು ಏದುಸಿರು ಬಿಡುತ್ತ ಒಳಗೆ ನುಗ್ಗಿದಾಗ, ಹೆಂಡತಿ ತನ್ನ ತಾಯಿಯ ದವಡೆ ಅಮುಕಿ ಹಿಡಿದು ರೊಟ್ಟಿ ತುರುಕುತ್ತಿದ್ದಳು. "ಏ, ಏನ್ ಮಾಡಾಕತ್ತಿ ನೀ?"

"ನೀ ನಡುವ ಬರಬ್ಯಾಡ," ಎಂದರು ತಾಯಿ, ತುಂಬಿದ ಬಾಯಲ್ಲಿ. "ಅಕಿ ಯಾರ ಮಾತೂ ಕೇಳಾಕಿ ಅಲ್ಲ."

ಹೊರಗೆ ದೋಣಿಯವರು ಇನ್ನೂ ನೀರಿನಲ್ಲಿ ಮುಳುಗಿ ಏಳುತ್ತಿದ್ದರು. ಸುಶೀಲವ್ವ ಅಗಿದು ನುಂಗಿ, ಸೆರಗಿನೊಳಗಿನ ಕೈ ಬಿಡದೆ, ಮುಂದಿನ ತುತ್ತಿನ ಬಲವಂತಕ್ಕಾಗಿ ಕಾದರು.