ಪಗಾರ ಹಿಡಿಯುವ ಕೈ

ಗಂಡನಿಗೆ ದುಬೈ ಯೋಗ ಬಂತೆಂದು ಬನಹಟ್ಟಿಯೆಲ್ಲ ಖುಷಿಪಟ್ಟಿತು. ನನಗೆ ಮಾತ್ರ ಸಿಟ್ಟು. ಮದುವೆಯಾಗಿ ಇನ್ನೂ ಒಂದು ಪಂಚಮಿ ಕಂಡಿರಲಿಲ್ಲ, ಆಗಲೇ ಮೂರು ವರ್ಷ ಅಗಲಿರಬೇಕಂತೆ!

ಗಂಡನ ಹೆಸರು ಹೇಳಲೇಬೇಕೆಂದರೆ ನಾಮದೇವ. ಸೀರೆ ವ್ಯಾಪಾರದ ಪರಮಾನಂದ ಸಾವುಕಾರರ ನಂಬಿಗಸ್ತ ಗುಮಾಸ್ತ. ಸಾವುಕಾರರು ದುಬೈಗೆ ಮಾಲು ಕಳಿಸತೊಡಗಿದ್ದರು. ಅದನ್ನು ನೋಡಿಕೊಳ್ಳಲು ಅಲ್ಲಿ ಇವರಿರಬೇಕು. ನೌಕರಿ ಇಲ್ಲಿಯದು, ವಾಸ ಅಲ್ಲಿ. ಪಗಾರ ಎಂದಿನಂತೆ ನನ್ನ ಅತ್ತೆ ತಾರವ್ವನ ಕೈಗೆ. ನಮ್ಮ ನೇಕಾರ ಮನೆಯಲ್ಲಿ ದುಡಿದದ್ದು ಹೆಂಗಸಿನ ಕೈಗೇ ಬೀಳಬೇಕು. ಗಂಡಸಿನ ಕಿಸೆ ಸೇರಿದ್ದಕ್ಕೆ ಬರಕತ್ತಿಲ್ಲ, ಏಳಿಗೆಯಿಲ್ಲ ಅನ್ನುವುದು ಅತ್ತೆಯ ವೇದವಾಕ್ಯ.

"ನಾನೂ ಹೋಗ್ತೇನ್ರಿ ಅತ್ತಿ" ಅಂದೆ.

"ಅಲ್ಲೇನೈತಿ ನಿಂದು ಕೆಲಸ?" ಅಂದಳು. ಮಾತು ಮುಗಿಯಿತು.

ದುಬೈ ಪಗಾರಕ್ಕೆ ಇಲ್ಲಿ ಆದಾಯ ತೆರಿಗೆ ಬೀಳುತ್ತದೋ ಹೇಗೆ ಎಂದು ಕೇಳಲು ಸಾವುಕಾರರು ಜಮಖಂಡಿಯ ವಕೀಲರ ಕಡೆ ಜೀಪು ಹೊರಡಿಸಿದರು. ಗಂಡ, ಅತ್ತೆ ಹತ್ತಿದರು. ಯಾರೂ ಕರೆಯದಿದ್ದರೂ ನಾನೂ ಹತ್ತಿದೆ.

"ತೆರಿಗಿ ವರ್ಷ ಏಪ್ರಿಲ್‌ಕ ಸುರು," ಅಂದರು ವಕೀಲರು. "ಗಣಪತಿ ಹಬ್ಬ ಮುಗಿಸಿ ವಿಮಾನ ಹತ್ತಿದ್ರ, ಅರ್ಧಾ ವರ್ಷನೂ ಇಲ್ಲಿ ಇರ್ಲಿಲ್ಲಂತ ಸರ್ಕಾರ ಅನಿವಾಸಿ ಅಂತೈತಿ. ದಸರಾ ತನಕ ನಿಂತ್ರ, ಅಲ್ಲಿ ಗಳಿಸಿದ್ದಕ್ಕೂ ಇಲ್ಲೇ ತೆರಿಗಿ."

"ಅನಿವಾಸಿ?" ಅತ್ತೆ ಎದ್ದೇ ನಿಂತಳು. "ನನ್ನ ಮಗಾ ಬನಹಟ್ಟ್ಯಾಗ ಹುಟ್ಟ್ಯಾನ್ರೀ!"

"ಎಲ್ಲಿ ಹುಟ್ಟಿದಿ ಅಂತ ಕೇಳೂದಿಲ್ಲವ್ವಾ, ಎಲ್ಲಿ ಇದ್ದಿ ಅಂತ ಕೇಳ್ತಾರ."

ಸಾವುಕಾರರು ನಕ್ಕರು. "ಹಂಗಾರ ಹಬ್ಬ ಮುಗಿಸಿ ಹೋಗ್ಲಿ. ತೆರಿಗಿ ಇಲ್ಲ, ಆತು!"

"ಪಗಾರ ಎಲ್ಲಿ ಕೊಡ್ತೀರಿ?" ಕೇಳಿದರು ವಕೀಲರು.

"ಇಲ್ಲೇ, ತಾರವ್ವನ ಕೈಯಾಗ."

"ಹಂಗಾರ ಕೆಟ್ಟಿತು! ಪಗಾರ ಇಲ್ಲಿ ಮುಟ್ಟಿದ್ರ ಅನಿವಾಸಿಗೂ ತೆರಿಗಿ ತಪ್ಪೂದಿಲ್ಲ. ಅಲ್ಲೇ ಕೊಡ್ರಿ. ಅಲ್ಲಿ ತಗೊಂಡು ಆಮ್ಯಾಲ ಮನಿಗಿ ಕಳಿಸ್ಲಿ, ಅದಕ್ಕ ಯಾರೂ ಕೇಳೂದಿಲ್ಲ."

ಇದೇ ಹೊತ್ತು, ಬಿಟ್ಟರೆ ಸಿಗದು!

"ಅಲ್ಲಿ ಪಗಾರ ಯಾರ ಕೈಯಾಗ ಬೀಳೂದ್ರಿ?" ಎಂದು ಕೇಳಿಯೇಬಿಟ್ಟೆ.

"ನಾಮದೇವನ ಕೈಯಾಗ. ಮತ್ಯಾರ ಕೈಯಾಗ?" ಅಂದರು ಸಾವುಕಾರರು.

ಅತ್ತೆ ಮಗನ ಕಡೆ ನೋಡಿದಳು. ನನ್ನ ಗಂಡ ನಗು ತಡೆಯಲಾರದೆ ಸೂರು ನೋಡುತ್ತ ನಿಂತಿದ್ದರು. ಆಮೇಲೆ ನನ್ನ ಕಡೆ ನೋಡಿದಳು, ಬಹಳ ಹೊತ್ತು.

"ಸಾವುಕಾರ್ರ, ಎರಡು ಟಿಕೀಟು ತಗಸ್ರಿ," ಅಂದಳು. "ನಮ್ಮ ಮನಿ ಪಗಾರ ಗಂಡಸಿನ ಕಿಸೆದಾಗ ಬೀಳಬಾರದು."

ಸಾವುಕಾರರು ಖರ್ಚಿನ ಮಾತೆತ್ತಿದರು. "ತೆರಿಗಿ ಉಳೀತಲ್ರಿ, ಅದರಾಗ ಟಿಕೀಟು ಬರೂದಿಲ್ಲೇನ್ರಿ?" ಅಂದಳು ಅತ್ತೆ. ವಕೀಲರೇ ಮೊದಲು ನಕ್ಕರು.

ತಿರುಗಿ ಬರುವಾಗ ಜೀಪಿನಲ್ಲಿ ನನ್ನ ಕಾಲು ನೆಲಕ್ಕೆ ನಿಲ್ಲುತ್ತಿರಲಿಲ್ಲ. ಸಮುದ್ರ, ವಿಮಾನ, ನಮ್ಮಿಬ್ಬರದೇ ಮನೆ! ಅತ್ತೆ ಹೊರಗಿನ ಕಬ್ಬಿನ ಹೊಲ ನೋಡುತ್ತಿದ್ದಳು. ಚಿಮ್ಮಡ ಊರಿನ ಹಾದಿ ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ಶೇವಂತಿ, ಎಷ್ಟು ಕಳಿಸಬೇಕು, ಎಷ್ಟು ಇಟಗೋಬೇಕು, ನೀನ ನೋಡು. ನಾ ಕೇಳೂದಿಲ್ಲ."

ಅಷ್ಟು ಹೊತ್ತು ಕುಣಿಯುತ್ತಿದ್ದವಳು, ಅತ್ತೆಯ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟೆ.