ಕನ್ನಡಿಯಲ್ಲಿ ಕಂಡ ಶೋರೂಮ್

ಶೋರೂಮ್ ಮ್ಯಾನೇಜರನ ತಲೆಯ ಎಡಭಾಗ ಮುಗಿದಿತ್ತು. ಬಲಭಾಗಕ್ಕೆ ಕತ್ತರಿ ಇಡುವ ಮೊದಲು ಕ್ಷೌರಿಕ ಎಂದಿನಂತೆ ಕನ್ನಡಿಯತ್ತ ಕಣ್ಣು ಹಾಯಿಸಿದ. ಗಿರಾಕಿಯ ಕಿವಿಯ ಪಕ್ಕದಲ್ಲೇ, ರಸ್ತೆಯಾಚೆಯ ಎಲೆಕ್ಟ್ರಿಕ್ ಕಾರಿನ ಶೋರೂಮ್ ಅದರಲ್ಲಿ ಪೂರ್ತಿ ಕಾಣುತ್ತಿತ್ತು. ಇವತ್ತು ಅದರ ಗಾಜಿನ ಬಾಗಿಲಲ್ಲಿ ಜನವೋ ಜನ. ಬಿಟ್ಟಿ ಸಕ್ಕರೆ ಹಂಚುತ್ತಿದ್ದಾರೇನೋ ಎಂಬಂತೆ ನೂಕಾಡುತ್ತಿದ್ದರು.

"ಏನ್ ಸಾರ್, ಅಲ್ಲಿ ಕಾಲಿಡೋಕೂ ಜಾಗ ಇಲ್ಲ, ನೀವು ನೋಡಿದ್ರೆ ಇಲ್ಲಿ ಆರಾಮಾಗಿ ಕೂತಿದೀರಿ!"

"ಅದಕ್ಕೇ ಇಲ್ಲಿ ಬಂದು ಕೂತಿರೋದು ಯಜಮಾನ್ರೇ. ಬೆಳಿಗ್ಗೆಯಿಂದ ಮಾತಾಡಿ ಮಾತಾಡಿ ಬಾಯಿ ಒಣಗಿಹೋಯ್ತು. ಕಂಪನಿ ಮತ್ತೆ ಬೆಲೆ ಇಳಿಸಿದೆ. ಇದು ಮೂರನೇ ಸಲ."

ಕ್ಷೌರಿಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅದಕ್ಕೆ ಕಾರಣವಿತ್ತು. ಒಬ್ಬನ ತಲೆ ಮುಗಿಯುವಷ್ಟರಲ್ಲಿ ಅವನ ಕೆಲಸದ ಒಳಗುಟ್ಟೆಲ್ಲ ತಿಳಿಯದಿದ್ದರೆ ಊಟ ಸೇರದ ಮನುಷ್ಯ ಅವನು. ಕನ್ನಡಿಯಲ್ಲಿ ದಿನವೂ ಹೊಸ ಕಾರುಗಳು ಹೊರಗೆ ಹೋಗುವುದನ್ನು ನೋಡಿ ನೋಡಿ, ಈ ಕಂಪನಿ ಎಲ್ಲಿಗೋ ಮುಟ್ಟುತ್ತದೆ ಎಂದು ಲೆಕ್ಕ ಹಾಕಿ, ಯಾರಿಗೂ ಹೇಳದೆ ಅದರ ಷೇರು ಕೊಂಡಿದ್ದ. ಅಂಗಡಿಗೆ ಎರಡನೇ ಕುರ್ಚಿ ತರಲು ಕೂಡಿಟ್ಟ ದುಡ್ಡು ಅದು. ಕುರ್ಚಿ ಮಗಳಿಗೆ. ದೊಡ್ಡ ಸಲೂನೊಂದರಲ್ಲಿ ಕೆಲಸ ಕಲಿತು ಬಂದಿದ್ದ ಹುಡುಗಿ, "ಕುರ್ಚಿ ಬರ್ಲಿ, ಆಮೇಲೆ ಕತ್ತರಿ ಹಿಡಿ" ಎಂಬ ಅಪ್ಪನ ಮಾತು ನಂಬಿ ಕೂದಲು ಗುಡಿಸುತ್ತ, ಬಟ್ಟೆ ಮಡಚುತ್ತ ದಿನ ದೂಡುತ್ತಿದ್ದಳು.

ಷೇರಿನ ದರ ನೋಡಬೇಕೆಂದು ಅವನಿಗೆ ಇದುವರೆಗೆ ಅನ್ನಿಸಿಯೇ ಇರಲಿಲ್ಲ. ಕನ್ನಡಿ ಇತ್ತಲ್ಲ! ಇವತ್ತು ಮಾತ್ರ ಖುಷಿ ತಡೆಯಲಾಗದೆ ಕತ್ತರಿ ಕೆಳಗಿಟ್ಟು ಫೋನು ತೆಗೆದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ಅವನು ಕೊಂಡ ದರದ ಅರ್ಧವೂ ಉಳಿದಿರಲಿಲ್ಲ. ನೋಡನೋಡುತ್ತಲೇ ಮತ್ತಷ್ಟು ಇಳಿಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗಾಗಿತ್ತು.

"ಸಾರ್, ಅಂಗಡಿ ತುಂಬಿದ್ರೆ ಷೇರು ಏರ್ಬೇಕಲ್ವಾ?"

"ಹಾಗಂತ ಯಾರು ಹೇಳಿದ್ದು?" ಅರ್ಧ ತಲೆಯ ಮ್ಯಾನೇಜರ್ ನಕ್ಕ. "ಬ್ಯಾಟರಿ ಖರ್ಚು, ಕೂಲಿ, ಯಾವುದೂ ಇಳಿದಿಲ್ಲ. ಬೆಲೆ ಇಳಿಸಿದ್ದೆಲ್ಲ ನಮ್ಮ ಲಾಭದಿಂದ್ಲೇ ಹೋಗ್ಬೇಕು. ಮೊದ್ಲು ಒಂದು ಕಾರಲ್ಲಿ ಉಳೀತಿದ್ದದ್ದು ಈಗ ಮೂರು ಮಾರಿದ್ರೂ ಉಳಿಯಲ್ಲ. ಷೇರಿನವರು ಬಾಗಿಲಲ್ಲಿ ನಿಂತ ಜನಾನ ನೋಡಲ್ಲ ಯಜಮಾನ್ರೇ, ಕಾರಿಗೆ ಎಷ್ಟು ಉಳೀತು ಅಂತ ನೋಡ್ತಾರೆ."

"ಮತ್ತೆ ಇಳಿಸಿದ್ದು ಯಾಕೆ?"

"ಇನ್ನೊಂದು ಕಂಪನಿಯವರು ಇಳಿಸಿದ್ರು. ನಮ್ಮ ಕಾರುಗಳು ಗೋಡೌನಲ್ಲಿ ಧೂಳು ತಿಂತಾ ನಿಂತಿದ್ವು. ಈಗ ನಾವಿಳಿಸಿದ್ವಿ ಅಂತ ಅವರು ಇನ್ನೂ ಇಳಿಸ್ತಾರೆ, ನೋಡ್ತಿರಿ."

ಕ್ಷೌರಿಕ ಬಾಚಣಿಗೆ ಹಿಡಿದು ಹಾಗೇ ನಿಂತ. ರಸ್ತೆಯ ಮೂಲೆಯಲ್ಲಿ ಹೊಸ ಸಲೂನು ತೆರೆದ ವರ್ಷ ಅವನೂ ಕಟಿಂಗಿನ ದರ ಅರ್ಧಕ್ಕಿಳಿಸಿದ್ದ. ಕೂರಲು ಜಾಗ ಸಾಲದೆ ಜನ ಹೊರಗೂ ನಿಂತಿದ್ದರು, ಅವನ ಮಣಿಕಟ್ಟು ಊದಿಕೊಂಡಿತ್ತು. ತಿಂಗಳ ಕೊನೆಗೆ ಬ್ಲೇಡು ತರಲೂ ಪರದಾಡಿದ್ದ. ತಾನೇ ಅನುಭವಿಸಿದ ಸತ್ಯವೇ ರಸ್ತೆ ದಾಟಿದ ಕೂಡಲೇ ಮರೆತುಹೋಗಿತ್ತಲ್ಲ! ಹೊಸದೊಂದು ವಿಷಯ ತಿಳಿಯಿತೆಂಬ ಸುಖಕ್ಕೆ ಒಂದು ಗಳಿಗೆ ಅವನಿಗೆ ನಷ್ಟವೂ ನೆನಪಾಗಲಿಲ್ಲ.

"ಮತ್ತೆ ಏರೋದು ಯಾವಾಗ ಸಾರ್?"

"ಅದು ಗೊತ್ತಿದ್ರೆ ನಾನ್ಯಾಕೆ ಕಾರು ಮಾರ್ತಿದ್ದೆ? ಯಾಕೆ, ನೀವೇನಾದ್ರೂ ದುಡ್ಡು ಹಾಕಿದೀರಾ?"

ಬಟ್ಟೆ ಮಡಚುತ್ತಿದ್ದ ಮಗಳ ಕೈ ನಿಂತಿತು. ಇಲ್ಲವೆಂದು ಹೇಳಿಬಿಡಬಹುದಿತ್ತು. ಆದರೆ ಕನ್ನಡಿಯಲ್ಲಿ ಅವಳು ಅಪ್ಪನನ್ನೇ ನೋಡುತ್ತಿದ್ದಳು.

"ಹಾಕಿದೀನಿ," ಎಂದ. "ಕುರ್ಚಿ ದುಡ್ಡು. ಅರ್ಧಾನೂ ಉಳಿದಿಲ್ಲ. ಊರವರ ತಲೆ ಬೋಳಿಸ್ತಾ ಬಂದೆ, ನನ್ನ ತಲೆ ನಾನೇ ಬೋಳಿಸ್ಕೊಂಡೆ."

ಮಗಳು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

"ಯಾವಾಗ ಹಾಕಿದ್ದು ಅಪ್ಪ?"

"ನೀನು ಬಂದ ತಿಂಗಳು."

"ನಾನು ಬಂದ ಮೇಲೆ? ಅಂದ್ರೆ ಕುರ್ಚಿ ತರೋ ಮನಸ್ಸೇ ನಿನಗಿರ್ಲಿಲ್ಲ."

ಅವನು ಬಾಚಣಿಗೆ ಕೆಳಗಿಟ್ಟ. "ಹೆಣ್ಣುಮಗು ಕೈಗೆ ನಮ್ಮ ಗಿರಾಕಿಗಳು ತಲೆ ಕೊಡ್ತಾರೋ ಇಲ್ವೋ ಅಂತ ಭಯ ಆಯ್ತಮ್ಮ. ಕುರ್ಚಿ ತಂದು ಅದು ಖಾಲಿ ಬಿದ್ದಿದ್ರೆ ನಿನ್ನ ಮುಖ ಹೇಗೆ ನೋಡ್ಲಿ? ಸ್ವಲ್ಪ ದಿನ ತಳ್ಳೋಣ ಅಂದ್ಕೊಂಡೆ. ದುಡ್ಡು ಸುಮ್ನೆ ಕೂತಿತ್ತು..." ಅವನಿಗೆ ತುಂಬ ನಾಚಿಕೆಯಾಯಿತು. ಷೇರು ಎಷ್ಟೇ ಏರಿದ್ದರೂ ಈ ಮಾತನ್ನು ಆಡಲೇಬೇಕಾಗುತ್ತಿತ್ತು.

ಮ್ಯಾನೇಜರ್ ಮೆಲ್ಲಗೆ ಕೆಮ್ಮಿದ. "ಯಜಮಾನ್ರೇ, ನನ್ನ ಇನ್ನರ್ಧ ತಲೆ..."

ಕ್ಷೌರಿಕ ಕತ್ತರಿ ಎತ್ತಿಕೊಂಡ. ಬಲಗಿವಿಯ ಮೇಲಿನ ಕೂದಲು ಹಿಡಿದು, ಮತ್ತೆ ಬಿಟ್ಟ. ಮಗಳು ಬಂದು ಪಕ್ಕದಲ್ಲಿ ನಿಂತಳು.

"ಸಾರ್, ನಾನು ಮಾಡ್ಲಾ?"

"ಮಾಡಮ್ಮ, ಬೇಗ ಮಾಡು. ಈ ಅವತಾರದಲ್ಲಿ ಹೋದ್ರೆ ಗಿರಾಕಿಗಳು ಇನ್ನೂ ಬೆಲೆ ಇಳಿಸಿ ಅಂತಾರೆ."

ಅವಳ ಕತ್ತರಿ ಅಪ್ಪನದಕ್ಕಿಂತ ಚುರುಕಾಗಿ ಓಡಿತು. ಬಲಭಾಗ ಮುಗಿಸಿ, ಕೇಳದೆಯೇ ಎಡಭಾಗಕ್ಕೆ ಬಂದು ಅಪ್ಪ ಬಿಟ್ಟಿದ್ದ ಒಂದೆರಡು ಏರುತಗ್ಗು ಸರಿಮಾಡಿದಳು. ಅಪ್ಪನಿಗೆ ಅದು ಕಂಡಿತು. ಮ್ಯಾನೇಜರ್ ತಲೆಯನ್ನು ಆಚೆ ಈಚೆ ತಿರುಗಿಸಿ ನೋಡಿಕೊಂಡು, ಎದ್ದು, ದುಡ್ಡನ್ನು ಅವಳ ಕೈಗೆ ಕೊಟ್ಟು ರಸ್ತೆ ದಾಟಿದ.

ಮುಂದಿನ ಸರದಿ ಇಷ್ಟೊತ್ತೂ ಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಅಜ್ಜನದು. ತಮ್ಮ ಮದುವೆಯ ದಿನದಿಂದ ಈ ಅಂಗಡಿಯ ಗಿರಾಕಿ, ಬೇರೆಯವರ ಕೈಗೆ ತಲೆ ಕೊಟ್ಟವರಲ್ಲ. ಕ್ಷೌರಿಕ ಬಟ್ಟೆ ಕೊಡವಿ ಕೈಯಲ್ಲಿ ಹಿಡಿದುಕೊಂಡ. ಅಜ್ಜ ಕುರ್ಚಿಯಲ್ಲಿ ಕೂತು, ಅವನನ್ನೊಮ್ಮೆ, ಮಗಳನ್ನೊಮ್ಮೆ ನೋಡಿದರು.

"ಕಿವಿ ಹತ್ರ ಜೋಪಾನ ಕಣಮ್ಮ," ಎಂದರು.

ಕ್ಷೌರಿಕ ಬಟ್ಟೆಯನ್ನು ಮಗಳಿಗೆ ಕೊಟ್ಟು, ಅಜ್ಜ ಎದ್ದ ಜಾಗಕ್ಕೆ ಹೋಗಿ ಕೂತ. ಬೆಂಚು ಕಟಕ್ಕನೆ ಒಂದು ಕಡೆಗೆ ವಾಲಿತು. ಆಚೆ ಸರಿದ, ಈಚೆ ಸರಿದ. ಒಂದು ಕಾಲು ಗಿಡ್ಡವಾಗಿತ್ತು. ಇಷ್ಟು ವರ್ಷ ಇದರ ಮೇಲೆ ಕೂತು ಕಾದವರಲ್ಲಿ ಒಬ್ಬರೂ ಅವನಿಗೆ ಹೇಳಿರಲಿಲ್ಲ. ಹಳೆಯ ಪತ್ರಿಕೆಯ ಹಾಳೆಯೊಂದನ್ನು ದಪ್ಪಗೆ ಮಡಚಿ, ಮೊಣಕಾಲೂರಿ, ಅದನ್ನು ಆ ಕಾಲಿನಡಿಗೆ ತಳ್ಳತೊಡಗಿದ.